ಹೂತ ಟ್ರ್ಯಾಕ್ಟರ್ ಎಳೆಯುವ ಮುನ್ನ: ಶ್ಯಾಕಲ್ ಮತ್ತು ಕಪ್ಪಿಗಳ ಸುರಕ್ಷಿತ ಭಾರದ ಲೆಕ್ಕ

ನಾಲೆಗೆ ನೀರು ಬಿಟ್ಟು ಗದ್ದೆಗಳಲ್ಲಿ ಕೆಸರು ಮಾಡುವ ಕೆಲಸ ಪ್ರಾರಂಭವಾಯಿತೆಂದರೆ ಭದ್ರಾ, ತುಂಗಭದ್ರಾ ಮತ್ತು ವಿಶ್ವೇಶ್ವರಯ್ಯ ನಾಲೆಗಳ ಅಚ್ಚುಕಟ್ಟಿನಲ್ಲಿ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಗದ್ದೆಯ ಮಧ್ಯೆ ಟ್ರ್ಯಾಕ್ಟರ್ ಒಂದು ಹೂತು ನಿಂತಿರುತ್ತದೆ. ಸುತ್ತಲೂ ಹತ್ತು ಹದಿನೈದು ಜನ ಸೇರಿರುತ್ತಾರೆ. ಒಬ್ಬರು ಸರಪಳಿ ತರುತ್ತಾರೆ, ಇನ್ನೊಬ್ಬರು ತಂತಿ ಹಗ್ಗ ತರುತ್ತಾರೆ, ಮತ್ತೊಬ್ಬರು ತಮ್ಮ ಟ್ರ್ಯಾಕ್ಟರನ್ನೇ ತರುತ್ತಾರೆ. ಎಲ್ಲರಿಗೂ ಅವಸರ, ಏಕೆಂದರೆ ಸಸಿಮಡಿಯಲ್ಲಿ ಪೈರು ಬಲಿಯುತ್ತಿದೆ, ನಾಟಿಗೆ ಆಳು ಗೊತ್ತಾಗಿದ್ದಾರೆ. ಈ ಅವಸರದಲ್ಲಿ ಯಾರೂ ಕೇಳದ ಪ್ರಶ್ನೆಯೊಂದಿದೆ: ಹಗ್ಗವನ್ನೂ ಟ್ರ್ಯಾಕ್ಟರನ್ನೂ ಕೂಡಿಸುವ ಆ ಚಿಕ್ಕ ಕೊಂಡಿ ಎಷ್ಟು ಭಾರ ತಡೆಯುತ್ತದೆ?

ಬೇಸಾಯಶಾಸ್ತ್ರ ಕಲಿಸುವವನು ಕಬ್ಬಿಣದ ಕೊಂಡಿಯ ಬಗ್ಗೆ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ಕೆಲವು ವರ್ಷಗಳ ಹಿಂದೆ ಭತ್ತದ ಪ್ರಾತ್ಯಕ್ಷಿಕೆ ತಾಕನ್ನು ನೋಡಲು ಹೋದಾಗ ಪಕ್ಕದ ಗದ್ದೆಯಲ್ಲಿ ಹೂತ ಟ್ರ್ಯಾಕ್ಟರನ್ನು ಎಳೆಯುತ್ತಿದ್ದರು. ಶ್ಯಾಕಲ್ಲಿನ ಪಿನ್ನು ಕಳೆದುಹೋಗಿತ್ತು. ಅದರ ಬದಲು ಒಕ್ಕಣೆ ಯಂತ್ರದ ಬೋಲ್ಟೊಂದನ್ನು ತೂರಿಸಿ ನಟ್ಟು ಬಿಗಿದಿದ್ದರು. ಎರಡನೆಯ ಎಳೆತಕ್ಕೆ ಬೋಲ್ಟು ತುಂಡಾಯಿತು. ಶ್ಯಾಕಲ್ಲು ಬದುವಿನ ಮೇಲಿಂದ ಹಾರಿ ಹೊಂಗೆ ಮರದ ಕಾಂಡಕ್ಕೆ ಎದೆಮಟ್ಟದಲ್ಲಿ ಬಡಿಯಿತು. ತೊಗಟೆ ಅಂಗೈ ಅಗಲ ಎದ್ದುಹೋಗಿತ್ತು. ಸ್ವಲ್ಪ ಹೊತ್ತಿನ ಮುಂಚೆ ಆ ಮರಕ್ಕೆ ಒರಗಿ ನಿಂತಿದ್ದ ಹುಡುಗ ನೀರು ಕುಡಿಯಲು ಹೋಗಿದ್ದ. ಅಂದು ಆತನನ್ನು ಉಳಿಸಿದ್ದು ಬಾಯಾರಿಕೆಯೇ ಹೊರತು ನಮ್ಮಲ್ಲಿ ಯಾರ ಬುದ್ಧಿಯೂ ಅಲ್ಲ. ಈ ಲೇಖನ ಬರೆಯಲು ಅದೇ ಕಾರಣ.

೧. ಎಷ್ಟು ಎಳೆತ ಬೇಕು?

ಭತ್ತದ ಗದ್ದೆಯಲ್ಲಿ ವರ್ಷವರ್ಷವೂ ಕೆಸರು ಮಾಡುವುದರಿಂದ ಉಳುಮೆಯ ಆಳದ ಕೆಳಗೆ ಒಂದು ಗಡಸು ಪದರ ಉಂಟಾಗುತ್ತದೆ. ಟ್ರ್ಯಾಕ್ಟರಿನ ಭಾರವನ್ನು ಹೊರುವುದು ಈ ಪದರವೇ. ಮಟ್ಟ ಮಾಡುವಾಗ ಮಣ್ಣು ತುಂಬಿದ ಜಾಗ, ಮುಚ್ಚಿಹೋದ ಹಳೆಯ ಕಾಲುವೆ, ಊಟೆ ಒಸರುವ ಜಾಗ, ಇಲ್ಲೆಲ್ಲ ಈ ಪದರ ಇರುವುದಿಲ್ಲ ಅಥವಾ ಒಡೆದಿರುತ್ತದೆ. ಗಾಲಿ ಅಂಥ ಕಡೆಯೇ ಇಳಿಯುತ್ತದೆ.

ಇಳಿದ ವಾಹನವನ್ನು ಹೊರತೆಗೆಯಲು ಬೇಕಾದ ಎಳೆತವನ್ನು ಅಂದಾಜು ಮಾಡಲು ಅಮೆರಿಕದ ಸೇನೆಯ ಕೈಪಿಡಿಗಳಲ್ಲಿ ಸುಲಭವಾದ ಸೂತ್ರವೊಂದಿದೆ. ನಮ್ಮ ಗದ್ದೆಗಳಿಗೂ ಅದು ಉಪಯುಕ್ತ.

ಕೆಸರು ಗಾಲಿಯ ಗುಂಬದವರೆಗೆ ಇದ್ದರೆ: ವಾಹನದ ತೂಕದಷ್ಟು ಎಳೆತ.
ಗುಂಬ ದಾಟಿ ಮಡ್‌ಗಾರ್ಡಿನವರೆಗೆ ಇದ್ದರೆ: ತೂಕದ ಎರಡರಷ್ಟು.
ಮಡ್‌ಗಾರ್ಡನ್ನೂ ದಾಟಿದ್ದರೆ: ತೂಕದ ಮೂರರಷ್ಟು.

೪೫ ಅಶ್ವಶಕ್ತಿಯ ಟ್ರ್ಯಾಕ್ಟರು ಸುಮಾರು ೨ ಟನ್ ತೂಗುತ್ತದೆ. ಅದು ಗುಂಬದವರೆಗೆ ಹೂತಿದ್ದರೆ ೨ ಟನ್, ಮಡ್‌ಗಾರ್ಡಿನವರೆಗೆ ಹೂತಿದ್ದರೆ ೪ ಟನ್ ಎಳೆತ ಬೇಕು. ರೋಟವೇಟರ್ ಜೋಡಿಸಿದ್ದರೆ ಅದರ ತೂಕವನ್ನೂ ಸೇರಿಸಬೇಕು. ಸಾಧ್ಯವಿದ್ದರೆ ಮೊದಲು ಅದನ್ನು ಕಳಚಿಡುವುದು ಲೇಸು.

೨. ಸುರಕ್ಷಿತ ಭಾರ ಎಂದರೇನು?

ಯಾವುದೇ ಹಗ್ಗ, ಕೊಂಡಿ ಅಥವಾ ಕಪ್ಪಿಗೆ ಎರಡು ಭಾರಗಳಿವೆ. ಒಂದು, ಅದು ಮುರಿಯುವ ಭಾರ. ಇನ್ನೊಂದು, ಅದರ ಮೇಲೆ ನಾವು ಹಾಕಬಹುದಾದ ಸುರಕ್ಷಿತ ಭಾರ. ಒಳ್ಳೆಯ ಶ್ಯಾಕಲ್‌ಗಳಲ್ಲಿ ಸುರಕ್ಷಿತ ಭಾರವು ಮುರಿಯುವ ಭಾರದ ಐದನೆಯ ಅಥವಾ ಆರನೆಯ ಒಂದು ಭಾಗವಾಗಿರುತ್ತದೆ. ತಂತಿ ಹಗ್ಗಕ್ಕೂ ಐದನೆಯ ಒಂದು ಭಾಗವೆಂದು ಲೆಕ್ಕ ಹಿಡಿಯಬೇಕು.

"ಐದು ಪಟ್ಟು ಶಕ್ತಿ ಮಿಕ್ಕಿದೆಯಲ್ಲ, ಸ್ವಲ್ಪ ಹೆಚ್ಚು ಎಳೆದರೇನು?" ಎಂದು ಕೆಲವರು ಕೇಳುತ್ತಾರೆ. ಆ ಮಿಕ್ಕ ಶಕ್ತಿ ನಮ್ಮ ಬಳಕೆಗೆ ಇಟ್ಟದ್ದಲ್ಲ. ತುಕ್ಕು, ಸವೆತ, ಕಣ್ಣಿಗೆ ಕಾಣದ ಬಿರುಕು, ಅಕಸ್ಮಾತ್ ಬೀಳುವ ಝಟಕೆ ಇವೆಲ್ಲ ತಿನ್ನುವುದು ಅದನ್ನೇ. ಹಗ್ಗವನ್ನು ಸಡಿಲ ಬಿಟ್ಟು ಇನ್ನೊಂದು ಟ್ರ್ಯಾಕ್ಟರಿನಿಂದ ಜಗ್ಗಿದರೆ ಕ್ಷಣಮಾತ್ರ ಬೀಳುವ ಭಾರ ನಿಧಾನವಾಗಿ ಎಳೆದಾಗಿನ ಭಾರಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಂಡಿಯ ಮೇಲೆ ಬರೆದ ಸುರಕ್ಷಿತ ಭಾರ ನಿಧಾನವಾದ ನೇರ ಎಳೆತಕ್ಕೆ ಮಾತ್ರ ಅನ್ವಯಿಸುತ್ತದೆ.

೩. ಶ್ಯಾಕಲ್

ಕುದುರೆ ಲಾಳದ ಆಕಾರದ ಉಕ್ಕಿನ ತುಂಡು, ಅದರ ಬಾಯಿಗೆ ಅಡ್ಡಲಾಗಿ ತಿರುಪಿನ ಪಿನ್ನು: ಇದೇ ಶ್ಯಾಕಲ್. ಇದರಲ್ಲಿ ಎರಡು ಬಗೆ. ಇಕ್ಕಟ್ಟಾದ ಡಿ ಆಕಾರದ್ದು ಒಂದೇ ಹಗ್ಗದ ನೇರ ಎಳೆತಕ್ಕೆ ತಕ್ಕುದು. ಬಿಲ್ಲಿನಂತೆ ಅಗಲವಾಗಿ ಬಾಗಿರುವುದು ಎರಡು ಹಗ್ಗಗಳನ್ನು ಕೂಡಿಸಲು ತಕ್ಕುದು.

ಶಾಖ ಸಂಸ್ಕಾರ ಮಾಡಿ ತಯಾರಿಸಿದ ಉತ್ತಮ ಇಂಗಾಲದ ಉಕ್ಕಿನ ಶ್ಯಾಕಲ್‌ಗಳ ಸಾಮಾನ್ಯ ಸುರಕ್ಷಿತ ಭಾರ ಹೀಗಿದೆ:

೧೩ ಮಿ.ಮೀ. — ೨ ಟನ್
೧೬ ಮಿ.ಮೀ. — ೩.೨೫ ಟನ್
೧೯ ಮಿ.ಮೀ. — ೪.೭೫ ಟನ್
೨೨ ಮಿ.ಮೀ. — ೬.೫ ಟನ್
೨೫ ಮಿ.ಮೀ. — ೮.೫ ಟನ್

ಇಲ್ಲಿ ಹೇಳಿದ ದಪ್ಪ ಬಾಗಿದ ಭಾಗದ್ದು, ಪಿನ್ನಿನದಲ್ಲ. ಪಿನ್ನು ಸಾಮಾನ್ಯವಾಗಿ ಒಂದು ಅಳತೆ ದಪ್ಪವಾಗಿರುತ್ತದೆ. ೧೬ ಮಿ.ಮೀ. ಶ್ಯಾಕಲ್ಲಿನ ಪಿನ್ನು ೧೯ ಮಿ.ಮೀ. ಇರುತ್ತದೆ. ಪಿನ್ನನ್ನು ಅಳೆದು ಪಟ್ಟಿ ನೋಡಿದರೆ ೩.೨೫ ಟನ್ನಿನ ಕೊಂಡಿಯನ್ನು ೪.೭೫ ಟನ್ನಿನದೆಂದು ತಪ್ಪು ತಿಳಿಯುವ ಅಪಾಯವಿದೆ.

ಪಟ್ಟಿಗಿಂತ ಮುಖ್ಯವಾದದ್ದು ಕೊಂಡಿಯ ಮೈಮೇಲೆ ಒತ್ತಿರುವ ಅಂಕಿ. ಅದರ ಜೊತೆಗೆ ಡಬ್ಲ್ಯು.ಎಲ್.ಎಲ್. ಅಥವಾ ಎಸ್.ಡಬ್ಲ್ಯು.ಎಲ್. ಎಂಬ ಇಂಗ್ಲಿಷ್ ಅಕ್ಷರಗಳಿರುತ್ತವೆ. ಸುರಕ್ಷಿತ ಭಾರವೆಂದರೆ ಇದೇ. ಯಾವ ಗುರುತೂ ಇಲ್ಲದ, ಸಾಧಾರಣ ಕಬ್ಬಿಣದ ಕೊಂಡಿಗಳು ಅಂಗಡಿಗಳಲ್ಲಿ ಅಗ್ಗವಾಗಿ ಸಿಗುತ್ತವೆ. ನೋಡಲು ಅವೂ ಹಾಗೆಯೇ ಇರುತ್ತವೆ. ದನದ ಸರಪಳಿಗೆ, ಗೇಟಿಗೆ ಅವು ಸಾಕು. ಟ್ರ್ಯಾಕ್ಟರ್ ಎಳೆಯಲು ಬಳಸಕೂಡದು.

ಶ್ಯಾಕಲ್ ಬಳಸುವಾಗ ನೆನಪಿಡಬೇಕಾದ ಅಂಶಗಳು:

(ಅ) ಎಳೆತ ಶ್ಯಾಕಲ್ಲಿನ ನೇರಕ್ಕೆ ಇರಬೇಕು. ಪಕ್ಕಕ್ಕೆ ಓರೆಯಾಗಿ ಎಳೆದರೆ ಶಕ್ತಿ ಕುಗ್ಗುತ್ತದೆ. ೪೫ ಡಿಗ್ರಿ ಓರೆಗೆ ಸುರಕ್ಷಿತ ಭಾರ ಶೇಕಡ ೭೦ಕ್ಕೆ, ಪೂರ್ತಿ ಅಡ್ಡಕ್ಕೆ ಅಂದರೆ ೯೦ ಡಿಗ್ರಿಗೆ ಶೇಕಡ ೫೦ಕ್ಕೆ ಇಳಿಯುತ್ತದೆ.

(ಆ) ಪಿನ್ನನ್ನು ತಿರುಪು ಮುಗಿಯುವವರೆಗೂ ಬಿಗಿಯಬೇಕು. ಅರ್ಧ ತಿರುಪಿದ ಪಿನ್ನು ಬಾಗುತ್ತದೆ, ಕೊಂಡಿಯ ಬಾಯಿ ಅಗಲವಾಗುತ್ತದೆ.

(ಇ) ಕಳೆದುಹೋದ ಪಿನ್ನಿನ ಬದಲು ಬೋಲ್ಟು, ಸರಳು, ಹಾರೆಯ ತುದಿ ಯಾವುದನ್ನೂ ಹಾಕಕೂಡದು. ಪಿನ್ನು ಹೋದರೆ ಶ್ಯಾಕಲ್ಲೇ ಹೋಯಿತೆಂದು ತಿಳಿಯಬೇಕು.

(ಈ) ಓಡುವ ಹಗ್ಗ ಪಿನ್ನಿಗೆ ಉಜ್ಜುವಂತೆ ಹಾಕಬಾರದು. ಉಜ್ಜಿದ ಹಗ್ಗ ಪಿನ್ನಿನ ತಿರುಪು ಬಿಚ್ಚುತ್ತದೆ. ಹಗ್ಗ ಓಡಬೇಕಾದ ಕಡೆ ಕಪ್ಪಿ ಬೇಕು.

(ಉ) ಬಾಗಿದ ಪಿನ್ನು, ಅಗಲಿಸಿದ ಬಾಯಿ, ಬಿರುಕು ಅಥವಾ ಮೂಲ ದಪ್ಪದ ಹತ್ತನೆಯ ಒಂದು ಭಾಗ ಸವೆದಿರುವುದು ಕಂಡರೆ ತೆಗೆದುಹಾಕಬೇಕು. ಕಾಯಿಸಿ ಬಡಿದು ಸರಿಮಾಡಿದರೆ ಅಥವಾ ಬೆಸುಗೆ ಹಾಕಿದರೆ ಉಕ್ಕಿನ ಸಂಸ್ಕಾರ ಕೆಡುತ್ತದೆ. ಆಮೇಲೆ ಅದರ ಶಕ್ತಿ ಎಷ್ಟೆಂದು ಯಾರೂ ಹೇಳಲಾರರು.

೪. ಕಪ್ಪಿಯನ್ನು ಕಟ್ಟಿದ ಕಡೆ ಭಾರ ಇಮ್ಮಡಿ

ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಬೇಕು.

ಬಾವಿಯಿಂದ ನೀರು ಸೇದುವುದನ್ನು ನೆನೆಸಿಕೊಳ್ಳಿ. ಕೊಡ ನೀರಿನೊಂದಿಗೆ ೧೫ ಕಿ.ಗ್ರಾಂ. ಇದೆ ಎನ್ನೋಣ. ಅದನ್ನು ತೂಗಿ ಹಿಡಿಯಲು ಸೇದುವವರು ಇನ್ನೊಂದು ತುದಿಯಲ್ಲಿ ೧೫ ಕಿ.ಗ್ರಾಂ. ಎಳೆಯಬೇಕು. ಕಪ್ಪಿಯ ಎರಡೂ ಬದಿಯ ಹಗ್ಗ ಕೆಳಕ್ಕೇ ಎಳೆಯುತ್ತದೆ. ಆದ್ದರಿಂದ ಮೇಲಿನ ತೊಲೆ ಹೊರುವುದು ೧೫ ಅಲ್ಲ, ೩೦ ಕಿ.ಗ್ರಾಂ. ಟ್ರ್ಯಾಕ್ಟರ್ ಎಳೆಯುವಾಗಲೂ ಇದೇ ನಿಯಮ. ಹಗ್ಗದಲ್ಲಿ ೧.೫ ಟನ್ ಎಳೆತವಿದ್ದು ಅದು ಕಪ್ಪಿಯನ್ನು ಸುತ್ತಿ ಸಮಾನಾಂತರವಾಗಿ ಹಿಂದಿರುಗಿದರೆ, ಕಪ್ಪಿಯ ಮೇಲೂ ಅದನ್ನು ಕಟ್ಟಿದ ಶ್ಯಾಕಲ್ಲಿನ ಮೇಲೂ ೩ ಟನ್ ಬೀಳುತ್ತದೆ.

ಎರಡು ಹಗ್ಗಗಳ ನಡುವಿನ ಕೋನ ಅಗಲವಾದಂತೆ ಈ ಭಾರ ಕಡಿಮೆಯಾಗುತ್ತದೆ. ಹಗ್ಗದ ಎಳೆತ ೧.೫ ಟನ್ ಇದ್ದಾಗ ಕಪ್ಪಿಯ ಮೇಲೆ ಬೀಳುವ ಭಾರ:

ಸಮಾನಾಂತರ — ೨ ಪಟ್ಟು — ೩ ಟನ್
೬೦ ಡಿಗ್ರಿ — ೧.೭೩ ಪಟ್ಟು — ೨.೬ ಟನ್
೯೦ ಡಿಗ್ರಿ — ೧.೪೧ ಪಟ್ಟು — ೨.೧ ಟನ್
೧೨೦ ಡಿಗ್ರಿ — ೧ ಪಟ್ಟು — ೧.೫ ಟನ್
೧೫೦ ಡಿಗ್ರಿ — ೦.೫೨ ಪಟ್ಟು — ೦.೮ ಟನ್

ವಿಂಚ್ ರಸ್ತೆಯಲ್ಲಿದ್ದು, ಬದುವಿನ ಮರಕ್ಕೆ ಕಪ್ಪಿ ಕಟ್ಟಿ ಹಗ್ಗದ ದಿಕ್ಕು ತಿರುಗಿಸುವಾಗ ಈ ಪಟ್ಟಿ ಉಪಯೋಗಕ್ಕೆ ಬರುತ್ತದೆ. ಲಂಬಕೋನದಲ್ಲಿ ತಿರುಗಿಸಿದರೂ ಕಪ್ಪಿಯ ಶ್ಯಾಕಲ್ಲಿನ ಭಾರ ಹಗ್ಗದ ಎಳೆತಕ್ಕಿಂತ ಹೆಚ್ಚೇ ಇರುತ್ತದೆ. ಅನುಮಾನವಿದ್ದಾಗ ಎರಡು ಪಟ್ಟೆಂದೇ ಹಿಡಿಯುವುದು ಕ್ಷೇಮ.

ಕಪ್ಪಿಯ ಮೇಲೆ ೩ ಟನ್ ಎಂದು ಒತ್ತಿದ್ದರೆ ಅದನ್ನು ಕಪ್ಪಿಯ ಒಟ್ಟು ಭಾರವೆಂದೇ ತಿಳಿಯಬೇಕು. ಅಂದರೆ ಸಮಾನಾಂತರ ಎಳೆತದಲ್ಲಿ ಹಗ್ಗದ ಎಳೆತ ೧.೫ ಟನ್ ಮೀರಕೂಡದು. ಕಪ್ಪಿಯ ಗಾಡಿ ಹಗ್ಗದ ದಪ್ಪಕ್ಕೆ ಸರಿಹೊಂದಬೇಕು. ಗಾಡಿ ಇಕ್ಕಟ್ಟಾದರೆ ಹಗ್ಗ ಸಿಕ್ಕಿಕೊಂಡು ಜಜ್ಜುತ್ತದೆ, ಅಗಲವಾದರೆ ಚಪ್ಪಟೆಯಾಗುತ್ತದೆ. ಬಾವಿಯ ಕಪ್ಪಿಯನ್ನು ಈ ಕೆಲಸಕ್ಕೆ ಎಂದೂ ತರಕೂಡದು. ಬೀಡು ಕಬ್ಬಿಣದ ಆ ಕಪ್ಪಿ ಕೊಡದ ಭಾರಕ್ಕೆಂದು ಮಾಡಿದ್ದು. ಮುರಿಯುವ ಮುಂಚೆ ಅದು ಬಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ, ಒಮ್ಮೆಲೇ ಸಿಡಿಯುತ್ತದೆ.

೫. ತಂತಿ ಹಗ್ಗ

ಆರು ಎಳೆಗಳ, ನಾರಿನ ತಿರುಳಿನ ಸಾಮಾನ್ಯ ಉಕ್ಕಿನ ತಂತಿ ಹಗ್ಗ ಹೊಸದಾಗಿದ್ದಾಗ ತಡೆಯುವ ಭಾರ ಸುಮಾರಾಗಿ ಹೀಗಿದೆ:

೧೦ ಮಿ.ಮೀ. — ಕಡಿಯುವುದು ೫.೯ ಟನ್ನಿಗೆ — ಸುರಕ್ಷಿತ ಭಾರ ೧.೨ ಟನ್
೧೨ ಮಿ.ಮೀ. — ೮.೬ ಟನ್ — ೧.೭ ಟನ್
೧೪ ಮಿ.ಮೀ. — ೧೧.೭ ಟನ್ — ೨.೩ ಟನ್
೧೬ ಮಿ.ಮೀ. — ೧೫.೨ ಟನ್ — ೩ ಟನ್

ತುದಿಯಲ್ಲಿ ಕ್ಲಿಪ್ಪು ಹಾಕಿ ಕುಣಿಕೆ ಮಾಡಿದರೆ ಇದರ ಶೇಕಡ ೮೦ರಷ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಆಗ ೧೨ ಮಿ.ಮೀ. ಹಗ್ಗದ ೧.೭ ಟನ್ ೧.೪ ಟನ್ನಿಗೆ ಇಳಿಯುತ್ತದೆ. ಕನಿಷ್ಠ ಮೂರು ಕ್ಲಿಪ್ಪುಗಳಿರಬೇಕು. ಕ್ಲಿಪ್ಪಿನ ತಡಿ ಭಾರ ಎಳೆಯುವ ಹಗ್ಗದ ಮೇಲೂ, ಯು ಆಕಾರದ ಬೋಲ್ಟು ತುಂಡು ತುದಿಯ ಮೇಲೂ ಬರಬೇಕು. ತಿರುಗಾಮುರುಗಾ ಹಾಕಿದರೆ ಎಳೆಯುವ ಹಗ್ಗವೇ ಜಜ್ಜಿಹೋಗುತ್ತದೆ. ಹಗ್ಗವನ್ನು ಗಂಟು ಹಾಕಿ ಬಳಸಕೂಡದು. ಗಂಟಿ ಬಿದ್ದ, ಪಂಜರದಂತೆ ಎಳೆಗಳು ಉಬ್ಬಿದ, ಎಳೆಯ ಒಂದು ಪೂರ್ತಿ ಸುತ್ತಿನ ಉದ್ದದಲ್ಲಿ ಹತ್ತು ತಂತಿ ಕಡಿದಿರುವ ಹಗ್ಗವನ್ನು ತೆಗೆದುಹಾಕಬೇಕು. ಒಂದೇ ಎಳೆಯಲ್ಲಿ ಐದು ತಂತಿ ಕಡಿದಿದ್ದರೂ ಹಾಗೆಯೇ ಮಾಡಬೇಕು.

೬. ಒಂದು ಉದಾಹರಣೆ

೨ ಟನ್ನಿನ ಟ್ರ್ಯಾಕ್ಟರು ಗುಂಬದವರೆಗೆ ಹೂತಿದೆ. ನಮ್ಮಲ್ಲಿ ೧.೫ ಟನ್ ಎಳೆಯುವ ಕೈವಿಂಚ್ ಇದೆ. ಬೇಕಾದ ಎಳೆತ ೨ ಟನ್. ಆದ್ದರಿಂದ ವಿಂಚ್ ಒಂದರಿಂದಲೇ ಸಾಗದು. ಟ್ರ್ಯಾಕ್ಟರಿಗೆ ಕಪ್ಪಿ ಕಟ್ಟಿ, ವಿಂಚಿನ ಹಗ್ಗವನ್ನು ಅದರ ಸುತ್ತ ತಂದು ತುದಿಯನ್ನು ಹಿಂದಕ್ಕೆ ಮರಕ್ಕೆ ಕಟ್ಟುತ್ತೇವೆ. ಎರಡು ಹಗ್ಗಗಳು ಎಳೆಯುವುದರಿಂದ ೩ ಟನ್ ಆಗಬೇಕು. ಕಪ್ಪಿಯ ಘರ್ಷಣೆಯಲ್ಲಿ ಸ್ವಲ್ಪ ನಷ್ಟವಾಗಿ ಸುಮಾರು ೨.೮ ಟನ್ ಸಿಗುತ್ತದೆ. ಕೆಲಸಕ್ಕೆ ಸಾಕು. ಈಗ ಒಂದೊಂದೇ ಕೊಂಡಿಯನ್ನು ನೋಡೋಣ.

ಹಗ್ಗದ ತುದಿಯ ಶ್ಯಾಕಲ್: ಇದರ ಮೇಲೆ ೧.೫ ಟನ್. ೧೩ ಮಿ.ಮೀ. ಶ್ಯಾಕಲ್ (೨ ಟನ್) ಸಾಕು.

ಕಪ್ಪಿಯ ಶ್ಯಾಕಲ್: ಇದರ ಮೇಲೆ ೩ ಟನ್. ೧೩ ಮಿ.ಮೀ. ಇಲ್ಲಿ ಸಾಲದು. ೧೬ ಮಿ.ಮೀ. (೩.೨೫ ಟನ್) ಆದೀತು, ಆದರೆ ಎಳೆತ ಪೂರ್ತಿ ನೇರವಾಗಿದ್ದರೆ ಮಾತ್ರ. ೪೫ ಡಿಗ್ರಿ ಓರೆಯಾದರೆ ಅದರ ಸುರಕ್ಷಿತ ಭಾರ ೨.೩ ಟನ್ನಿಗೆ ಇಳಿಯುತ್ತದೆ. ೧೯ ಮಿ.ಮೀ. ಶ್ಯಾಕಲ್ಲು ಓರೆಯಲ್ಲಿಯೂ ೩.೩ ಟನ್ ತಡೆಯುತ್ತದೆ. ಆದ್ದರಿಂದ ಕಪ್ಪಿಗೆ ೧೯ ಮಿ.ಮೀ. ಬಳಸುವುದೇ ಜಾಣತನ.

ಮರ: ವಿಂಚನ್ನೂ ಹಗ್ಗದ ತುದಿಯನ್ನೂ ಒಂದೇ ಮರಕ್ಕೆ ಕಟ್ಟಿದರೆ ಮರದ ಮೇಲೂ ೩ ಟನ್ ಬೀಳುತ್ತದೆ. ಪಕ್ಕಪಕ್ಕದ ಎರಡು ಮರಗಳಿದ್ದರೆ ಒಂದೊಂದಕ್ಕೆ ೧.೫ ಟನ್ ಹಂಚಬಹುದು. ಬೇರು ಗಟ್ಟಿಯಾಗಿರುವ ಮರವನ್ನೇ ಆರಿಸಿ ಬುಡದಲ್ಲಿ, ನೆಲಕ್ಕೆ ಹತ್ತಿರವಾಗಿ ಕಟ್ಟಬೇಕು. ಮೆತ್ತಗಿನ ಬದುವಿನಲ್ಲಿ ನೆಟ್ಟ ಒಂದು ಹಾರೆ ಈ ಭಾರಕ್ಕೆ ನಿಲ್ಲದು.

ಸಾಮಾನ್ಯವಾಗಿ ನಡೆಯುವ ತಪ್ಪು ಇಲ್ಲಿಯೇ. ಮನೆಯಲ್ಲಿ ಎರಡು ೧೩ ಮಿ.ಮೀ. ಶ್ಯಾಕಲ್ಲುಗಳಿರುತ್ತವೆ. "ವಿಂಚ್ ಒಂದೂವರೆ ಟನ್ನಿನದು, ಶ್ಯಾಕಲ್ ಎರಡು ಟನ್ನಿನದು" ಎಂದು ಧೈರ್ಯವಾಗಿ ಎರಡನ್ನೂ ಬಳಸುತ್ತಾರೆ. ತುದಿಯದು ನಿಲ್ಲುತ್ತದೆ. ಕಪ್ಪಿಯದು ತನ್ನ ಸುರಕ್ಷಿತ ಭಾರದ ಒಂದೂವರೆ ಪಟ್ಟು ಹೊರುತ್ತಿರುತ್ತದೆ. ಅದು ಅಂದೇ ಮುರಿಯದೆ ಇರಬಹುದು. ಬಾಯಿ ಒಂದಿಷ್ಟು ಅಗಲವಾಗಿ, ಪಿನ್ನು ಒಂದಿಷ್ಟು ಬಾಗಿ, ಮುಂದಿನ ವರ್ಷಕ್ಕೆ ಕಾದಿರುತ್ತದೆ.

ಅದೇ ಟ್ರ್ಯಾಕ್ಟರು ಮಡ್‌ಗಾರ್ಡಿನವರೆಗೆ ಹೂತಿದ್ದರೆ ೪ ಟನ್ ಬೇಕು. ನಮ್ಮ ಸಲಕರಣೆ ಕೊಡುವುದು ೨.೮ ಟನ್. ಆಗ ವಿಂಚಿನ ಹಿಡಿಗೆ ಕೊಳವೆ ತೊಡಿಸಿ ನಾಲ್ಕು ಜನ ಜಗ್ಗುವುದು ಸರ್ವಥಾ ಸಲ್ಲದು. ಕೆಲವು ಕೈವಿಂಚುಗಳಲ್ಲಿ ಮಿತಿ ಮೀರಿದ ಭಾರ ಬಿದ್ದಾಗ ತಾನಾಗಿ ತುಂಡಾಗುವ ಚಿಕ್ಕ ಪಿನ್ನು ಇರುತ್ತದೆ. ಅದು ತುಂಡಾದರೆ ಯಂತ್ರ ಕೆಟ್ಟಿತೆಂದಲ್ಲ, ಲೆಕ್ಕ ತಪ್ಪಿತೆಂದು ಅರ್ಥ. ಅದರ ಜಾಗಕ್ಕೆ ಮೊಳೆ ಬಡಿಯಕೂಡದು.

ಹಾಗಾದರೆ ಏನು ಮಾಡಬೇಕು? ಗದ್ದೆಯ ನೀರು ಬಸಿಯಬೇಕು. ಗಾಲಿಗಳ ಸುತ್ತ ಮತ್ತು ಹೊಟ್ಟೆಯ ಕೆಳಗಿನ ಕೆಸರು ತೆಗೆಯಬೇಕು. ಗಾಲಿ ಹತ್ತಿ ಬರಲು ಇಳಿಜಾರಾಗಿ ಅಗೆದು ಹಲಗೆ ಹಾಸಬೇಕು. ಟ್ರ್ಯಾಕ್ಟರು ಒಳಬಂದ ಜಾಡಿನಲ್ಲಿಯೇ ಹಿಂದಕ್ಕೆ ಎಳೆಯಬೇಕು. ಒಂದು ಗಂಟೆ ಗುದ್ದಲಿ ಹಿಡಿದರೆ ೪ ಟನ್ನಿನ ಕೆಲಸವನ್ನು ೨ ಟನ್ನಿಗೆ ಇಳಿಸಬಹುದು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಈ ಸಂದರ್ಭಕ್ಕೆ ಚೆನ್ನಾಗಿ ಒಪ್ಪುತ್ತದೆ.

೭. ಎಳೆಯುವಾಗ ಎಚ್ಚರಿಕೆ

೧) ಹಗ್ಗ ಬಿಗಿಯಾದ ಮೇಲೆ ಅದರ ಉದ್ದದಷ್ಟಾದರೂ ದೂರದಲ್ಲಿ ಜನ ನಿಲ್ಲಬೇಕು. ಮಕ್ಕಳನ್ನು ಬದುವಿನಿಂದ ಆಚೆ ಕಳುಹಿಸಬೇಕು.

೨) ಕಪ್ಪಿಯಲ್ಲಿ ಹಗ್ಗ ತಿರುಗಿದಾಗ ಎರಡು ಹಗ್ಗಗಳ ನಡುವೆ ಉಂಟಾಗುವ ಒಳಕೋನದಲ್ಲಿ ಯಾರೂ ನಿಲ್ಲಕೂಡದು. ಕಪ್ಪಿ ಕಳಚಿದರೆ ಹಗ್ಗ ಮತ್ತು ಕಪ್ಪಿ ಎರಡೂ ಬಡಿಯುವುದು ಆ ಜಾಗಕ್ಕೇ.

೩) ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಬೇಕು. ಹಗ್ಗ ಕಡಿದರೆ ಅದರ ಹಾರಾಟ ಕಡಿಮೆಯಾಗುತ್ತದೆ. ಆದರೆ ಇದನ್ನೇ ನಂಬಿ ಹತ್ತಿರ ನಿಲ್ಲಬಾರದು.

೪) ನೈಲಾನ್ ಹಗ್ಗ ರಬ್ಬರಿನಂತೆ ಹಿಗ್ಗಿ ಬಲವನ್ನು ಕೂಡಿಟ್ಟುಕೊಳ್ಳುತ್ತದೆ. ಅದರ ತುದಿಯ ಕೊಂಡಿ ಕಳಚಿದರೆ ಕವಣೆಯ ಕಲ್ಲಿನಂತೆ ಹಾರುತ್ತದೆ.

೫) ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಯುವುದಾದರೆ ಅದರ ಡ್ರಾಬಾರಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಮೇಲೆ ಎಲ್ಲಿ ಕಟ್ಟಿದರೂ ಎಳೆಯುವ ಟ್ರ್ಯಾಕ್ಟರಿನ ಮೂತಿ ಎದ್ದು ಚಾಲಕನ ಮೇಲೆಯೇ ಹಿಂದಕ್ಕೆ ಮಗುಚುವ ಅಪಾಯವಿದೆ.

೬) ಹೂತ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳಿಗೆ ಮರದ ದಿಮ್ಮಿ ಕಟ್ಟಿ ಗೇರು ಹಾಕುವ ಪದ್ಧತಿಯನ್ನು ಬಿಡಬೇಕು. ದಿಮ್ಮಿ ಕೆಸರಿನಲ್ಲಿ ಕಚ್ಚಿ ಗಾಲಿ ತಿರುಗದಿದ್ದರೆ ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗಿ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮಗುಚುತ್ತದೆ.

೭) ಸೂಚನೆ ಕೊಡುವವರು ಒಬ್ಬರೇ ಇರಬೇಕು. "ನಿಲ್ಲಿಸು" ಎಂಬ ಮಾತನ್ನು ಮಾತ್ರ ಯಾರು ಹೇಳಿದರೂ ಪಾಲಿಸಬೇಕು.

೮. ವಿಸ್ತರಣಾ ಕಾರ್ಯಕರ್ತರಿಗೆ

ಕಪ್ಪಿಯ ಇಮ್ಮಡಿ ಭಾರವನ್ನು ಮಾತಿನಲ್ಲಿ ಹೇಳಿದರೆ ಬಹಳ ಜನ ನಂಬುವುದಿಲ್ಲ. ಸ್ಪ್ರಿಂಗ್ ತಕ್ಕಡಿಯೊಂದನ್ನು ಮರದ ಕೊಂಬೆಗೆ ತೂಗುಹಾಕಿ, ಅದರ ಕೊಕ್ಕೆಗೆ ಚಿಕ್ಕ ಕಪ್ಪಿ ಕಟ್ಟಿ. ಹಗ್ಗದ ಒಂದು ತುದಿಗೆ ೧೦ ಲೀಟರ್ ನೀರಿನ ಬಕೆಟ್ ಕಟ್ಟಿ, ಇನ್ನೊಂದು ತುದಿಯನ್ನು ರೈತರೊಬ್ಬರ ಕೈಗೆ ಕೊಟ್ಟು ನೇರ ಕೆಳಕ್ಕೆ ಹಿಡಿಯಲು ಹೇಳಿ. ತಕ್ಕಡಿಯ ಮುಳ್ಳು ೨೦ ಕಿ.ಗ್ರಾಂ. ದಾಟಿ ನಿಲ್ಲುವುದನ್ನು ಅವರೇ ಓದಲಿ. ಆಮೇಲೆ ಹಗ್ಗವನ್ನು ನಿಧಾನವಾಗಿ ಪಕ್ಕಕ್ಕೆ ಸರಿಸಲು ಹೇಳಿದರೆ ಮುಳ್ಳು ಇಳಿಯುವುದೂ ಕಾಣುತ್ತದೆ. ಐದು ನಿಮಿಷದ ಈ ಪ್ರಾತ್ಯಕ್ಷಿಕೆ ಒಂದು ಗಂಟೆಯ ಭಾಷಣಕ್ಕಿಂತ ಮೇಲು.

ಪ್ರತಿಯೊಬ್ಬ ರೈತರೂ ಈ ಸಲಕರಣೆಗಳನ್ನು ಕೊಳ್ಳಬೇಕಾಗಿಲ್ಲ. ಊರಿನ ಸಹಕಾರ ಸಂಘ ಅಥವಾ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರದಲ್ಲಿ ಗುರುತುಳ್ಳ ಎರಡು ೧೯ ಮಿ.ಮೀ. ಮತ್ತು ಎರಡು ೧೬ ಮಿ.ಮೀ. ಶ್ಯಾಕಲ್, ಒಂದು ಉಕ್ಕಿನ ಕಪ್ಪಿ, ಒಳ್ಳೆಯ ಹಗ್ಗ ಇವುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಒಳಗೆ ಅವುಗಳ ಸುರಕ್ಷಿತ ಭಾರವನ್ನು ಬಣ್ಣದಲ್ಲಿ ಬರೆದಿಟ್ಟರೆ ಇಡೀ ಊರಿಗೆ ಸಾಕು.

ನಾಟಿ ಎರಡು ದಿನ ತಡವಾದರೆ ಇಳುವರಿಯಲ್ಲಿ ಅಷ್ಟಿಷ್ಟು ವ್ಯತ್ಯಾಸವಾದೀತು. ಅದನ್ನು ಸರಿದೂಗಿಸುವ ದಾರಿಗಳನ್ನು ನಾವು ಹೇಳಿಕೊಡಬಲ್ಲೆವು. ಸಿಡಿದ ಕೊಂಡಿಯಿಂದ ಆಗುವ ನಷ್ಟವನ್ನು ತುಂಬಿಕೊಡುವ ದಾರಿ ಯಾವ ಶಾಸ್ತ್ರದಲ್ಲಿಯೂ ಇಲ್ಲ. ಆದ್ದರಿಂದ ಹಗ್ಗ ಬಿಗಿಯುವ ಮುನ್ನ ಐದು ನಿಮಿಷ ನಿಂತು ಲೆಕ್ಕ ಹಾಕಿರಿ. ಕಪ್ಪಿಯನ್ನು ಕಟ್ಟಿದ ಕೊಂಡಿಯನ್ನು ಎಲ್ಲಕ್ಕಿಂತ ಮೊದಲು ನೋಡಿರಿ.